ಉಸಿರಿಗೆಂದು ನಾನು ಬಿಟ್ಟ ಜಾಗ

ಬೆಳಿಗ್ಗೆ ಸೊಲ್ಲಾಪುರದ ನನ್ನ ಮನೆಯಲ್ಲಿ ಕಪಾಟು ಝಾಡಿಸುವಾಗ ಅಪ್ಪನ ತಂಬಾಕಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ತಂಬಾಕಿನ ವಾಸನೆಯಲ್ಲ, ಬಾಯಲ್ಲಿ ನೆನೆದು ಒಣಗಿದ ಗರಿಯ ವಾಸನೆ. ಸನಾದಿಯ ತುದಿಗೆ ಸಿಕ್ಕಿಸಿ ಊದುವ ಗರಿಯ ಪತ್ತಿಗಳನ್ನು ಅವನು ಇದರಲ್ಲಿಡುತ್ತಿದ್ದ. ಹಳೆಯ ವಾಸನೆಗೆ ಕಣ್ಣೀರು ಬರುವವರು ಪುಣ್ಯವಂತರು. ನನಗೆ ಬಂದದ್ದು ಸಿಟ್ಟು.

ನಮ್ಮೂರು ಮೈಂದರ್ಗಿ. ಅಪ್ಪ ಸನಾದಿ ತಂಡದಲ್ಲಿ ಶ್ರುತಿ ಹಿಡಿಯುವವ. ಮುಂದಿನವ ರಾಗ ನುಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಒಂದೇ ಸ್ವರ ಊದುವುದು ಅವನ ಕೆಲಸ. ಮದುವೆಯಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಏಳುವತನಕ ಅದೇ ಸ್ವರ. ಮದುವೆಯ ಫೋಟೋಗಳಲ್ಲಿ ಅವನ ಮೊಣಕೈ ಮಾತ್ರ ಬರುತ್ತಿತ್ತು. ಊರಿನ ಮನೆಯಲ್ಲಿ ಆ ಮೊಣಕೈಯ ಫೋಟೋಗಳು ಬೇಕಾದಷ್ಟಿವೆ.

ನಾನು ಮನೆತನದ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸೊಲ್ಲಾಪುರದ ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಗೆರೆಗಳ ಮೇಲೆ ಸಂಗೀತ ಬರೆಯುವುದನ್ನೂ ಕಲಿತೆ. ಅಲ್ಲಿನ ಒಂದು ಮೇಳದವರು ಊದುವ ವಾದ್ಯಗಳಿಗಷ್ಟೇ ಹೊಸ ಕೃತಿ ಕೇಳಿದಾಗ, ಕ್ಲಾರಿನೆಟ್ಟು, ಸ್ಯಾಕ್ಸೋಫೋನು, ಟ್ರಂಪೆಟ್ಟುಗಳ ನಡುವೆ ಅಪ್ಪನ ಒಂದು ಸ್ವರವನ್ನು ಇಟ್ಟೆ. ಹನ್ನೆರಡು ನಿಮಿಷ. ಓದಿದವಳ ಜಾಣತನ ನೋಡಿ, ಅವನ ಭಾಗದಲ್ಲಿ ಅಲ್ಲಲ್ಲಿ ವಿರಾಮವನ್ನೂ ಬರೆದಿದ್ದೆ. ಅಪ್ಪನಿಗೆ ಬೆರಳಿಟ್ಟು ತೋರಿಸಿದೆ.

"ಇಲ್ಲಿ ಖಾಲಿ ಯಾಕ ಬಿಟ್ಟೀದಿ, ಯವ್ವಾ?"

"ನಿನಗ ಉಸುರು ತಗೊಳ್ಳಾಕ, ಅಪ್ಪಾ."

"ಉಸುರಿಗಂತ ನಿಂತ್ರ ಅದು ಶ್ರುತಿ ಹ್ಯಾಂಗಾಗ್ತದ? ಗಲ್ಲದಾಗಿನ ಗಾಳಿ ಬಿಡಕೋತ ಮೂಗಿಲೆ ಎಳೀತೀನಿ. ಹುಟ್ಟಿದಾಗಿಂದ ನೋಡೀದಿ. ಕಾಲೇಜದಾಗ ಎಲ್ಲಾ ಕಲಿಸ್ಯಾರ, ನಿಮ್ಮಪ್ಪ ಉಸುರು ಹ್ಯಾಂಗ ತಗೋತಾನ ಅಂಬೋದು ಒಂದು ಕಲಿಸಿಲ್ಲ!"

ನಕ್ಕು ಅಳಿಸಿದೆ. ಅದು ತಿದ್ದಬಹುದಾದ ತಪ್ಪು.

ತಾಲೀಮಿನ ದಿನ ಮೇಳದ ಮುಖ್ಯಸ್ಥರು ಅಪ್ಪನ ಧೋತರ, ಟೊಪ್ಪಿಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮ್ಯಾಡಮ್, ಒಂದೇ ಸ್ವರ ಅಲ್ಲೇನ್ರಿ? ಶ್ರುತಿ ಮಷೀನ್ ಹಚ್ಚಿದ್ರ ಆತು. ಕಾಕಾಗ ಸುಮ್ನ ತ್ರಾಸ ಯಾಕ? ಮುಂದಿನ ಸಾಲ್ಯಾಗ ಕುಂತು ಕೇಳಲಿ."

ನಾನು "ಹೂಂ" ಎಂದೆ. ಮೊದಲ ಕೃತಿ ಕೈತಪ್ಪೀತೆಂಬ ಅಂಜಿಕೆ. ಅಪ್ಪ ಪತ್ತಿಯನ್ನು ಬಾಯಲ್ಲಿ ನೆನೆಸುತ್ತ ತಯಾರಾಗಿ ಕೂತಿದ್ದ. ಹೊರತೆಗೆದು ಅಂಗಿಗೆ ಒರೆಸಿ ಡಬ್ಬಿಗೆ ಹಾಕಿದ.

"ಆಗ್ಲಿ. ಮಷೀನಿಗೆ ಉಸುರಿನ ಕಾಟ ಇಲ್ಲ."

ಕಾರ್ಯಕ್ರಮಕ್ಕೆ ಚಪ್ಪಾಳೆ ಬಿತ್ತು. ಅಪ್ಪ ಮುಂದಿನ ಸಾಲಿನಲ್ಲಿ ಹನ್ನೆರಡು ನಿಮಿಷವೂ ಗಲ್ಲ ಉಬ್ಬಿಸಿಕೊಂಡೇ ಕೂತಿದ್ದ. ಮರುದಿನ ಈ ಡಬ್ಬಿ ನನ್ನ ಕೈಗಿಟ್ಟ. ಅಂದಿನಿಂದ ಮದುವೆಗಳಲ್ಲಿ ಊದಲೂ ಹೋಗಿಲ್ಲ. ಇಷ್ಟು ವರ್ಷ ನಾನು ಆ ಮುಖ್ಯಸ್ಥರನ್ನೇ ಬೈದುಕೊಂಡು ತಿರುಗಿದೆ. "ಹೂಂ" ಅಂದ ಬಾಯಿ ಯಾರದಿತ್ತು?

ಮುಂದಿನ ತಿಂಗಳು ಅದೇ ಕೃತಿ ಮತ್ತೆ ನುಡಿಸುತ್ತಾರಂತೆ. ಡಬ್ಬಿ ಕೈಯಲ್ಲಿ ಹಿಡಿದೇ ಆ ಮುಖ್ಯಸ್ಥರಿಗೆ ಫೋನ್ ಮಾಡಿದೆ. "ನಮ್ಮಪ್ಪ ಶ್ರುತಿಗೆ ಕೂಡಬೇಕು. ಇಲ್ಲಂದ್ರ ನಾ ಬರೆದ ಹಾಳಿ ವಾಪಸ್ ಕೊಡ್ರಿ."

"ಒಂದು ಸ್ವರಕ್ಕ ಇಷ್ಟು ಸಿಟ್ಟೇನ್ರಿ?"

"ಅವರ ಕಡೆ ಇದ್ದದ್ದ ಅದೊಂದ ಸ್ವರ ರೀ."

ಉತ್ತರಕ್ಕೆ ಕಾಯದೆ ಫೋನ್ ಇಟ್ಟೆ.

ಈಗ ಮೈಂದರ್ಗಿಯ ಬಸ್ಸಿನಲ್ಲಿದ್ದೇನೆ. ಡಬ್ಬಿ ತೊಡೆಯ ಮೇಲಿದೆ. ಅಪ್ಪ ಅದನ್ನು ಮುಟ್ಟುತ್ತಾನೋ, ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬೈಯುತ್ತಾನೋ ಗೊತ್ತಿಲ್ಲ. ಬೈಯಲಿ. ಬೈಗುಳದ ನಡುವೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆಂದು ಈ ಸಲ ಕಣ್ಣಿಟ್ಟು ನೋಡುತ್ತೇನೆ.