ಪ್ಲಾಸ್ಟಿಕ್ ಹಾಕಿದ ಅಂಕಪಟ್ಟಿ

ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ನನಗೆ ಬಂದ ಅಂಕಕ್ಕೆ ಎಲ್ಲೂ ಸೀಟು ಸಿಗುವಂತಿರಲಿಲ್ಲ. ಮತ್ತೆ ಬರೆಯುವವರ ತರಗತಿಗೆ ಸೇರಲು ಈ ಪರೀಕ್ಷೆಯ ಅಂಕಪಟ್ಟಿ ತೋರಿಸಬೇಕಿತ್ತು. ಕಾರವಾರದ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಯಲು ಹೇಳಿದೆ. ಫಲಿತಾಂಶವನ್ನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಳ್ಳುವ ಯೋಚನೆ ನನ್ನದು.

ನಾನು ಫೋನ್ ನೋಡುತ್ತಿದ್ದಾಗ ಅಂಗಡಿಯವರು ಅದನ್ನು ಲ್ಯಾಮಿನೇಶನ್ ಯಂತ್ರಕ್ಕೆ ಕೊಟ್ಟಾಗಿತ್ತು.

"ಅಣ್ಣಾ, ನಾ ಹೇಳ್ಲೇ ಇಲ್ವಲ್ಲ!"

"ಅಂಕಪಟ್ಟಿ ಅಂದ್ರೆ ಎಲ್ಲರೂ ಮಾಡಿಸ್ತಾರೆ ತಂಗೀ. ಇಲ್ಲಿ ಹವೆಗೆ ಬರೀ ಕಾಗದ ಉಳೀತದಾ?"

"ಬಿಚ್ಚೂಕೆ ಬರ್ತದಾ?"

"ಹರೀತದೆ." ಆಮೇಲೆ ಕೆಳಗಿದ್ದ 'ನಾಟ್ ಕ್ವಾಲಿಫೈಡ್' ಓದಿ, ಅದನ್ನು ಮಗುಚಿ ನನ್ನ ಕೈಗೆ ಕೊಟ್ಟರು.

ಅದು ಮಡಚಲು ಬರಲಿಲ್ಲ, ಚೀಲದಲ್ಲೂ ಹಿಡಿಸಲಿಲ್ಲ. ಅಂಕೋಲೆಯವರೆಗೆ ಬಸ್ಸಿನಲ್ಲಿ ಕೈಯಲ್ಲೇ ಹಿಡಿದುಕೊಂಡು ಬಂದೆ.

ನನ್ನ ತಾಯಿ, ಆಯಿ, ಮೀನು ಮಾರಿ ಆಗಷ್ಟೇ ಮನೆಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಹಾಕಿಸಿದ್ದು ಎರಡೇ, ನನ್ನ ಹತ್ತನೆಯ ತರಗತಿಯದು ಮತ್ತು ಡಿಗ್ರಿಯದು. ಹೊಳೆಯುವುದನ್ನು ಕಂಡು ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಸೀಟ್ ಸಿಕ್ತಾ?"

"ಇಲ್ಲ ಆಯಿ. ಇನ್ನೊಂದ್ ವರ್ಷ ಓದ್ಬೇಕು."

"ಹಂಗಾರೆ ಇದ್ಕೆ ಪ್ಲಾಸ್ಟಿಕ್ ಎಂತಕೆ?"

ಅವಳು ಅದನ್ನು ನನ್ನ ಕೈಗೆ ವಾಪಸು ಕೊಟ್ಟು, "ಫೀಸ್ ಇದೊಂದೇ ಸಲ. ಆಮೇಲೆ ಕೇಳ್ಬೇಡ" ಎಂದಳು.

ಮರುದಿನ ವೇಳಾಪಟ್ಟಿ ಹಾಕಿದೆ. ಭೌತ ರಸಾಯನಶಾಸ್ತ್ರಕ್ಕೆ ದಿನಕ್ಕೆ ಎರಡು ಗಂಟೆ, ಏಕೆಂದರೆ ಹೆಚ್ಚು ತಪ್ಪಿದ್ದು ಅಲ್ಲೇ. ಗೆರೆ ಎಳೆಯಲು ಸ್ಕೇಲ್ ಸಿಗದೆ ಆ ಅಂಕಪಟ್ಟಿಯನ್ನೇ ಇಟ್ಟುಕೊಂಡೆ. ಅದರ ಅಂಚು ಮಾತ್ರ ನೇರವಾಗಿದೆ.