ಕಿವಿಗೆ ಹಿಡಿದ ಸ್ಮಾರ್ಟ್ ವಾಚ್

ದೇವರ ಹಿಪ್ಪರಗಿಯಿಂದ ಬಂದಿದ್ದ ಅತ್ತೆ-ಸೊಸೆ ಬೆಲ್ಟ್ ಹರಿದ ಸ್ಮಾರ್ಟ್ ವಾಚೊಂದನ್ನು ನನ್ನ ಮುಂದೆ ಇಟ್ಟರು. ಸಿಂದಗಿಯಲ್ಲಿ ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುವವನು ನಾನು. ರೂಢಿಯಂತೆ ಕೈ ಅದನ್ನೆತ್ತಿ ಕಿವಿಗೆ ಹಿಡಿಯಿತು. ಟಿಕ್ ಟಿಕ್ ಇಲ್ಲ.

"ಇದು ನಿಂತೈತಿ ಬಿಡ್ರಿ ಅಕ್ಕಾರ. ಇವೆಲ್ಲ ಆಟದ ಸಾಮಾನ, ನಾ ಮುಟ್ಟಂಗಿಲ್ಲ" ಎಂದು ಜಂಬದಿಂದಲೇ ಹೇಳಿದೆ.

ಅತ್ತೆ ನಕ್ಕರು. "ಅದು ಸದ್ದ ಮಾಡೂದಿಲ್ರಿ ಅಣ್ಣಾರ. ನನ್ನ ಸೊಸಿಗೆ ಕಿವಿ ಕೇಳಂಗಿಲ್ಲ. ಮಶಿನ್ ಮ್ಯಾಲೆ ಹೊಲ್ಯಾಕ ಕುಂತಾಗ ಒಳಗ ಕೂಸು ಅತ್ತರ, ತೊಟ್ಟಿಲ ಹತ್ರ ಇಟ್ಟ ಫೋನ್ ಕೇಳಿಸ್ಕೋತೈತಿ, ಇದು ಕೈಯಾಗ ನಡುಗಿ ಹೇಳತೈತಿ. ಬೆಲ್ಟ್ ಹರದಾಗಿಂದ ಈಕಿ ತೊಟ್ಟಿಲ ಬಿಟ್ಟು ಏಳವಲ್ಲಳು. ಇವತ್ತೇನೋ ಕೂಸಿನ್ನ ಮಗ್ಗಲ ಮನ್ಯಾಗ ಬಿಟ್ಟು ಬಂದೇವಿ, ನಾಳೆ ನಾನೂ ಮನ್ಯಾಗ ಇರಂಗಿಲ್ಲ."

ಹಳೇ ಡಬ್ಬಿ ತಡಕಾಡಿ, ಚಾವಿ ಗಡಿಯಾರದ ಪಿನ್ನೊಂದನ್ನು ತಿಕ್ಕಿ ಸಣ್ಣದು ಮಾಡಿ, ಗಟ್ಟಿ ಚರ್ಮದ ಬೆಲ್ಟ್ ಕೂಡಿಸಿದೆ. ಸೊಸೆ ಕಟ್ಟಿಕೊಂಡಳು. ಸರಿಯಾಗಿದೆಯೋ ಇಲ್ಲವೋ ನೋಡಲು ಅತ್ತೆ ಆಕೆಯ ಫೋನಿನ ಹತ್ತಿರ ಬಾಯಿಟ್ಟು ಥೇಟ್ ಕೂಸಿನ ಹಾಗೆ ಅತ್ತರು. ರಸ್ತೆಯ ಮಂದಿ ತಿರುಗಿ ನೋಡಿದರು. ಬೇರೆ ಕಡೆ ಮುಖ ಮಾಡಿ ನಿಂತಿದ್ದ ಸೊಸೆ ತಟ್ಟನೆ ಕೈ ನೋಡಿಕೊಂಡು ನಕ್ಕಳು.

ಅಂದು ಸಂಜೆ, ಮಗಳು ಕೊಟ್ಟಿದ್ದ, ನಾನು ಮುಟ್ಟದೇ ಇಟ್ಟಿದ್ದ ಸ್ಮಾರ್ಟ್ ವಾಚನ್ನು ಕಟ್ಟಿಕೊಂಡೆ. ಇಷ್ಟು ವರ್ಷ ಕಟ್ಟಿದ್ದ ನನ್ನ ಚಾವಿ ಗಡಿಯಾರ ಬಿಚ್ಚಿದಲ್ಲಿ ಚರ್ಮ ಬೆಳ್ಳಗಿತ್ತು. ಈಗ ಇಂಥ ವಾಚು ಬಂದರೆ ವಾಪಸ್ ಕಳಿಸುವುದಿಲ್ಲ. ಐದನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು, ಗಡಿಯಾರವನ್ನು ಬಿಚ್ಚಿ ಜೋಡಿಸಿಯೇ ಕಲಿತವನು. ಇದನ್ನೂ ಕಲಿಯುತ್ತಿದ್ದೇನೆ.