ಹೊನ್ನಿ ತಿದ್ದಿಸಿದ ಮಾತು

ಕಾನಸೂರಿನಲ್ಲಿ ಹೊನ್ನಿಯ ಹೆಸರೆತ್ತಿದರೆ ಈಗಲೂ ಕೆಲವು ಹೆಂಗಸರು ತುಟಿ ಕೊಂಕಿಸುತ್ತಾರೆ. ಕಚೇರಿಯಲ್ಲಿ ಗಂಡಸರ ಎದುರು ನಿಂತು "ಆವತ್ತು ಬೈರ ನನ್ನ ಸಂಗ್ತಿಗೆ ಇದ್ದ" ಎಂದವಳು ಅವಳು. ಅಷ್ಟನ್ನು ಎಲ್ಲರೂ ಹೇಳುತ್ತಾರೆ. ಉಳಿದದ್ದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಬರೆದಿಡುತ್ತಿದ್ದೇನೆ.

ಹೊನ್ನಿ ನಮ್ಮ ಮನೆಗೆ ಭತ್ತ ಕುಟ್ಟಲು ಬರುತ್ತಿದ್ದಳು. 1958ರಲ್ಲಿ ಅವಳಿಗೆ ಹತ್ತೊಂಬತ್ತು. ಒನಕೆ ಹಿಡಿದರೆ ಎರಡಾಳಿನ ಕೆಲಸ, ಬಾಯಿ ಮಾತ್ರ ಮೂರಾಳಿನದು. ನನ್ನ ಎಂಟು ತಿಂಗಳ ಕೂಸು ಅವಳ ಒನಕೆಯ ಸದ್ದಿಗೇ ನಿದ್ದೆ ಹೋಗುತ್ತಿತ್ತು. ಬೈರ ಯಲ್ಲಾಪುರದ ಕಡೆಯ ನಂದೊಳ್ಳಿಯವನು, ಬಿದಿರು ಕಡಿಯುವ ಕೆಲಸಕ್ಕೆ ನಮ್ಮೂರಿಗೆ ಬಂದವನು. ಹತ್ತು ಕೇಳಿದರೆ ಒಂದು ಹೇಳುವ ಹುಡುಗ. ಇಬ್ಬರಿಗೂ ವೈಶಾಖದಲ್ಲಿ ಮದುವೆ ಎಂದು ಎರಡೂ ಮನೆಯವರು ಒಪ್ಪಿಯಾಗಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ, ನೆರೆಮನೆಯ ರಾಜೀವಮ್ಮನ ಹಿತ್ತಿಲಂಚಿನಲ್ಲಿದ್ದ ಗಂಧದ ಮರ ಕಾಣೆಯಾಯಿತು. ಬುಡವಷ್ಟೇ ಉಳಿದಿತ್ತು. ಮೂರು ದಿನದ ಮೇಲೆ ಅರಣ್ಯ ಇಲಾಖೆಯವರು ಬೈರನನ್ನು ಶಿರಸಿಗೆ ಹಿಡಿದುಕೊಂಡು ಹೋದರು. ಅವನು ಮರದ ಹತ್ತಿರ ಇದ್ದನೆಂದು ಹೇಳಿದವರು ಯಾರೆಂದರೆ ಸ್ವತಃ ರಾಜೀವಮ್ಮ!

ನಮಗೆ ಯಾರಿಗೂ ತಲೆಬುಡ ತಿಳಿಯಲಿಲ್ಲ. ರಾಜೀವಮ್ಮ ಬೈರನನ್ನು "ತಮಾ" ಎಂದು ಕರೆದು, ದೋಸೆ ಹಾಕಿ, ಇನ್ನೊಂದು ತಿನ್ನು ಎಂದು ಒತ್ತಾಯ ಮಾಡುವವರು. ಅಂಥವರು ಸುಳ್ಳು ಯಾಕೆ ಹೇಳಿದರು? ಕೇಳೋಣವೆಂದರೆ ಅವರು ಹೆಬ್ಬೆಟ್ಟು ಒತ್ತಿದ ಮರುದಿನವೇ ಮಗಳ ಬಾಣಂತನಕ್ಕೆ ಮಾಗೋಡಿಗೆ ಹೋಗಿಬಿಟ್ಟಿದ್ದರು.

ಸೋಮವಾರ ಹೊನ್ನಿ ನನ್ನ ಬಾಗಿಲಲ್ಲಿ ನಿಂತಳು. "ಅಮಾ, ಗುರುವಾರ ಅವ್ನ ಕಾರವಾರದ ಜೈಲಿಗೆ ಸಾಗಿಸ್ತ್ರಂತೆ. ನಂಗೆ ಓದುಕೆ ಬರುದಿಲ್ಲ. ನೀವು ಬನ್ನಿ."

ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಶಿರಸಿಯ ಬಸ್ಸು ಹತ್ತಿದೆ.

ಅರಣ್ಯ ಕಚೇರಿಯ ಗುಮಾಸ್ತ ಶಿವಪುತ್ರಪ್ಪ ಹಾವೇರಿ ಕಡೆಯವರು, ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. ನಾನು ಹುಟ್ಟಿದ್ದು ಬನವಾಸಿಯಲ್ಲಿ, ಅಲ್ಲಿನ ಮಾತೂ ಬಯಲುಸೀಮೆಯದೇ. ಮಾತು ಕೇಳಿದ ಕೂಡಲೇ ನಮ್ಮ ಕಡೆಯವಳೆಂದು ಗುರುತು ಹಿಡಿದು, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಸರಿಸಿದರು. ಹೊನ್ನಿಗೆ ಕುರ್ಚಿ ಇಲ್ಲ.

ಹೊನ್ನಿ ನಿಂತೇ ಹೇಳಿದಳು. ಆ ಮಧ್ಯಾಹ್ನ ಬೈರ ತನ್ನ ಜೊತೆ ಹಳ್ಳದ ಬಂಡೆಯ ಮೇಲೆ ಕೂತಿದ್ದ, ಬಿಸಿಲು ಇಳಿಯುವ ತನಕ ಇಬ್ಬರೂ ಅಲ್ಲೇ ಇದ್ದರು. ಹೇಳುವಾಗ ಅವಳ ಕಿವಿ ಕೆಂಪಾಗಿತ್ತು, ದನಿ ಮಾತ್ರ ಅಳುಕಲಿಲ್ಲ.

ಗುಮಾಸ್ತರು ಪಕ್ಕದ ಮೇಜಿನವನ ಕಡೆ ತಿರುಗಿ ನಕ್ಕರು. "ಕೇಳಿದ್ಯೇನಪಾ? ಬಂಡಿಗಲ್ಲ ಮ್ಯಾಲೆ ಕುಂತು ಏನ್ ಮಾಡಾಕತ್ತಿದ್ರಂತ? ಲೆಕ್ಕಾಪತ್ರ ಬರೀತಿದ್ರೇನು?"

ನನ್ನ ಮೈ ಉರಿದುಹೋಯಿತು. ಮದುವೆಯಾಗಬೇಕಾದ ಹುಡುಗಿ ತನ್ನ ಮಾನವನ್ನು ಮೇಜಿನ ಮೇಲಿಟ್ಟು ನಿಂತಿದ್ದಾಳೆ, ಇವರಿಗೆ ನಗೆಚಾಟಿಕೆ! ಆ ಮಾತನ್ನು ಕಾಗದದಲ್ಲಿ ಬರೆದುಕೊಳ್ಳಲೂ ಇಲ್ಲ. ಆದರೆ ಸಂಜೆಯೊಳಗೆ ಅದು ಕಾನಸೂರನ್ನು ಮುಟ್ಟಿತ್ತು.

"ರಾಜೀವಮ್ಮನ ಹೇಳಿಕೆ ಓದ್ರಿ," ಎಂದೆ.

ಓದಿದರು: "ಆ ಹೊತ್ತಿನಲ್ಲಿ ಬೈರನು ನಿಮ್ಮ ಹಿತ್ತಿಲಲ್ಲಿ ಇದ್ದನೇ ಎಂದು ಕೇಳಲಾಗಿ, ಇಲ್ಲೇ ಇದ್ದನೆಂದು ತಿಳಿಸಿರುತ್ತಾಳೆ."

"ಅವರು ಹೇಳಿದ್ದು ಹಾಂಗೇ ಏನ್ರಿ? ಬಾಯಿಂದ ಬಂದ ಮಾತು ಯಾವುದು?"

"ಒಂದ ಮಾತು ಅಂದ್ಲು. 'ಇಲ್ಲೆ' ಅಂತ. ಇಲ್ಲೇ ಅಂದ್ರ ಇಲ್ಲೇ ಅಲ್ಲೇನ್ರಿ ಮತ್ತ?"

ಆಗ ನನಗೆ ಹೊಳೆಯಿತು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ರಾಜೀವಮ್ಮನ ಮನೆಗೆ ಹೋಗಿ "ಅಮ್ಮ ಇದ್ದಾರಾ?" ಎಂದು ಕೇಳಿದ್ದೆ. ಒಳಗಿನಿಂದ ಮೊಮ್ಮಗಳು "ಇಲ್ಲೆ" ಎಂದಿತು. ಇಲ್ಲೇ ಇದ್ದಾರಲ್ಲ, ಬರುತ್ತಾರೆ ಎಂದುಕೊಂಡು ಜಗುಲಿಯ ಮೇಲೆ ಒಂದು ಗಂಟೆ ಕಾದಿದ್ದೆ. ಅವರ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ! ನನಗೆ ಒಂದು ಗಂಟೆ ಹೋಯಿತು. ಬೈರನಿಗೆ ಎಷ್ಟು ವರ್ಷ ಹೋಗುತ್ತಿತ್ತು?

ಬಿಡಿಸಿ ಹೇಳಿದೆ. ಗುಮಾಸ್ತರ ಮುಖ ಒಂದು ಕ್ಷಣ ಬಿಳಿಚಿತು, ಮತ್ತೆ ಗಟ್ಟಿಯಾಯಿತು. "ಬರದದ್ದು ಬರದದ್ದೇ ರೀ ಅಕ್ಕಾರ. ಹೆಬ್ಬಟ್ಟು ಬಿದ್ದೈತಿ. ಗುರುವಾರದೊಳಗ ಆಕೀನೇ ಬಂದು ಹೇಳಲಿ."

ಮಂಗಳವಾರ ಬೆಳಿಗ್ಗೆ ಹೊನ್ನಿ ಒಬ್ಬಳೇ ಹೊರಟಳು. ಅವಲಕ್ಕಿ ಕಟ್ಟಿ ಕೊಟ್ಟು, ಯಲ್ಲಾಪುರದ ಬಸ್ಸಿಗೆ ಹತ್ತಿಸಿದೆ. ಬೇಡ್ತಿ ಹೊಳೆಯ ಹತ್ತಿರ ಬಸ್ಸು ಕೆಟ್ಟು ನಿಂತಿತಂತೆ. ಹೊಳೆ ಹಿಡಿದು ಇಳಿದರೆ ಮಾಗೋಡು ಎಂದು ಯಾರೋ ಹೇಳಿದ್ದನ್ನು ನಂಬಿ, ಬಂಡೆಯಿಂದ ಬಂಡೆಗೆ ದಾಟುತ್ತ ನಡೆದಳು. ಹೊತ್ತು ಇಳಿಯುವಾಗ ಮುಂದಿನಿಂದ ಬೀಸುಕಲ್ಲಿನಂಥ ಗುಡುಗು ಕೇಳಿತು. ಇನ್ನೂ ನಾಲ್ಕು ಹೆಜ್ಜೆ ಹಾಕಿದಾಗ ಎದುರಿಗೆ ಹೊಳೆಯೇ ಇಲ್ಲ, ಬರೀ ಆಕಾಶ. ಜಲಪಾತದ ನೆತ್ತಿಯ ಮೇಲೆ ನಿಂತಿದ್ದಳು! ಅಂಗಾಲಿನ ಕೆಳಗೆ ಪಾಚಿ. ಹಿಂದಕ್ಕೆ ಕೂತು, ಕೂತೇ ಸರಿದು, ಬೇರು ಹಿಡಿದು ದಡ ಹತ್ತಿದೆ ಎಂದು ಆಮೇಲೆ ನನಗೆ ಹೇಳಿದಳು. "ಹೆದ್ರಿಕೆ ಆಗ್ಲಿಲ್ವನೇ?" ಎಂದು ಕೇಳಿದೆ. "ಆಯ್ತು ಅಮಾ. ನಾ ಬಿದ್ರೆ ಅವ್ನ ಪರ ಹೇಳುರ್ಯಾರು?"

ಮಾಗೋಡಿನಲ್ಲಿ ರಾಜೀವಮ್ಮ ಕಥೆ ಕೇಳಿ ಎದೆ ಹೊಡೆದುಕೊಂಡರಂತೆ. ಎಂಟು ದಿನದ ಬಾಣಂತಿಯನ್ನು ಬೀಗಿತ್ತಿಗೆ ಒಪ್ಪಿಸಿ ಬುಧವಾರವೇ ಹೊರಟು ಬಂದರು.

ಅಂದು ಮಧ್ಯಾಹ್ನ ನಾವು ಮೂವರು ಹೆಂಗಸರು, ಒಂದು ಕೂಸು, ಅದೇ ಮೇಜಿನ ಎದುರು. ರಾಜೀವಮ್ಮ ಕೂರಲೇ ಇಲ್ಲ.

"ಆನು ಇಲ್ಲೆ ಹೇಳಿ ಹೇಳ್ದಿ. ಇಲ್ಲೆ ಅಂದ್ರೆ ಇಲ್ಲೆ! ಮತ್ತೆಂತ ಹೇಳವಾಗಿತ್ತು? ಕುಣ್ದು ತೋರ್ಸವಾಗಿತ್ತ?"

ಗುಮಾಸ್ತರು ಹೊಸ ಹಾಳೆ ತೆಗೆದು ಬರೆದರು. ಮಸಿಯ ಡಬ್ಬಿ ಮುಂದೆ ತಳ್ಳಿದರು. ರಾಜೀವಮ್ಮ ಹೆಬ್ಬೆಟ್ಟು ಚಾಚಿದರು.

"ತಡೀರಿ," ಎಂದು ಹೊನ್ನಿ ಅವರ ಕೈ ಹಿಡಿದು ನನ್ನ ಕಡೆ ತಿರುಗಿದಳು. "ಗಿರಿಜಮ್ಮಾ, ಓದಿ."

ಓದಿದೆ. "ಸಾಕ್ಷಿದಾರಳು ಈಗ ತನ್ನ ಮೊದಲಿನ ಮಾತನ್ನು ಬದಲಿಸಿರುತ್ತಾಳೆ."

ಎಂಥ ಧೈರ್ಯ! ತಾವು ತಪ್ಪು ಕೇಳಿದ್ದನ್ನು ಒಬ್ಬ ಮುದುಕಿಯ ನಾಲಗೆಗೆ ಅಂಟಿಸುವುದು! ನಾನು ಬಾಯಿ ತೆರೆಯುವಷ್ಟರಲ್ಲಿ ಹೊನ್ನಿಯೇ ಹೇಳಿದಳು: "ಅವ್ರು ಮಾತು ಬದ್ಲಿಸ್ಲಿಲ್ಲ. ನೀವು ತಪ್ಪು ಕೇಳಿದ್ದು. ಹಾಂಗೇ ಬರೀರಿ."

"ಏ ಹುಡುಗಿ, ನಿನ್ನ ಗಂಡ ಹೊರಗ ಬರಬೇಕೋ ಬ್ಯಾಡೋ? ಒತ್ತಿದ್ರ ಇವತ್ತ ಬರ್ತಾನ. ಇಲ್ಲಂದ್ರ ನಾಳೆ ಕಾರವಾರ."

ಒಳಗಿನ ಕೋಣೆಯಲ್ಲಿ ಬೈರ ಇದ್ದ, ಕೆಮ್ಮಿದ್ದೂ ಕೇಳಿತ್ತು. ಆದರೂ ಅವಳು ರಾಜೀವಮ್ಮನ ಕೈ ಬಿಡಲಿಲ್ಲ. "ಇವತ್ತು ಇವ್ರ ಸುಳ್ಳಿ ಮಾಡ್ರೆ, ನಾಳೆ ಇವ್ರ ಮಾತು ಯಾರು ನಂಬ್ತ್ರು? ಮತ್ತೆ ಅವ್ನ ಹಿಡೂಕೆ ಎಷ್ಟು ಹೊತ್ತು?"

ನಾನು ಹೇಳಿದೆ, ತವರಿನ ಮಾತಿನಲ್ಲೇ: "ನೀವು ಬರೀರಿ ಶಿವಪುತ್ರಪ್ಪನವರ. ಇಲ್ಲಂದ್ರ ಮ್ಯಾಲಿನ ಸಾಹೇಬರಿಗೆ ನಾ ಬರೀತೀನಿ. ನನಗೂ ಕೈ ಐತಿ."

ಅವರು ಹಾಳೆ ಹರಿದು ಮತ್ತೊಂದು ಬರೆದರು: ಸ್ಥಳೀಯ ಮಾತಿನ ಅರ್ಥ ಬರೆದುಕೊಂಡವರಿಗೆ ತಿಳಿಯದೆ ಹೇಳಿಕೆ ತಪ್ಪಾಗಿ ದಾಖಲಾಗಿದೆ. ನಾನು ಎರಡು ಸಲ ಓದಿದೆ. ಆಮೇಲೆ ಹೆಬ್ಬೆಟ್ಟು ಬಿತ್ತು.

ಬೈರ ಹೊರಗೆ ಬಂದ. ಗಡ್ಡ ಬೆಳೆದಿತ್ತು, ಒಂದು ಕಣ್ಣು ಊದಿತ್ತು. ಯಾರು ಹೊಡೆದರೆಂದು ಯಾರೂ ಹೇಳಲಿಲ್ಲ. ತಪ್ಪಾಯಿತು ಎಂಬ ಒಂದು ಮಾತೂ ಇಲ್ಲ. ಮರ ಕಡಿದವರನ್ನು ಹುಡುಕುವ ಉಸಾಬರಿಯೂ ಅಲ್ಲಿಗೇ ಮುಗಿಯಿತು.

ಬಾಗಿಲಲ್ಲಿ ಬೈರ ಮೊದಲ ಸಲ ಬಾಯಿ ಬಿಟ್ಟ. "ನನ್ನ ಕತ್ತಿ?"

ಬಿದಿರು ಕಡಿಯುವ ಆ ಕತ್ತಿಯನ್ನು ಹಿಡಿದ ದಿನವೇ ಕಿತ್ತುಕೊಂಡಿದ್ದರು, ಅದು ಅವನ ಹೊಟ್ಟೆಪಾಡು. ಗುಮಾಸ್ತರು ತಲೆ ಎತ್ತದೆ ಹೇಳಿದರು: "ಜಪ್ತಿ ಮಾಲು. ಅದಕ್ಕ ಬ್ಯಾರೆ ಅರ್ಜಿ ಬೇಕು."

ಹೊನ್ನಿ ತಿರುಗಿ ಒಳಗೆ ಬಂದಳು. ಖಾಲಿ ಕುರ್ಚಿ ಎಳೆದು ಕೂತಳು. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು:

"ಅರ್ಜಿ ಬರೀರಿ ಅಮಾ."